ಗದಗದ ಮಹಡಿ ಮೇಲಿನ ಸ್ಟುಡಿಯೊಗೆ ಸಿಗ್ನಲ್ ರೂಟಿಂಗ್: ಹಾಡುವವರ ಕಿವಿಯಿಂದ ಶುರು ಮಾಡಿ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಗದಗದಲ್ಲಿ ಮನೆಯ ಮಹಡಿ ಮೇಲಿನ ಎರಡು ಕೋಣೆಗಳನ್ನು ಸ್ಟುಡಿಯೊ ಮಾಡುತ್ತಿದ್ದೀರಿ. ಒಂದರಲ್ಲಿ ಹಾಡುವವರು ಕೂರುತ್ತಾರೆ, ಇನ್ನೊಂದರಲ್ಲಿ ಕಂಪ್ಯೂಟರ್. 8 ಇನ್‌ಪುಟ್‌ನ ಇಂಟರ್‌ಫೇಸ್ (ಮೈಕ್‌ನ ಸದ್ದನ್ನು ಕಂಪ್ಯೂಟರಿಗೆ ಒಗ್ಗುವಂತೆ ಬದಲಿಸುವ ಪೆಟ್ಟಿಗೆ) ಇದೆ, ಆಪ್ಟಿಕಲ್ ಕೇಬಲ್‌ನಿಂದ ಅದಕ್ಕೆ ಸೇರಿಸಬಹುದಾದ ಇನ್ನೊಂದು 8 ಚಾನೆಲ್ ಪ್ರೀಆಂಪ್ (ಮೈಕ್‌ನ ಕ್ಷೀಣ ಸಿಗ್ನಲ್ ಅನ್ನು ಬೆಳೆಸುವುದು) ಇದೆ, ಒಂದು ಕಂಪ್ರೆಸರ್ (ದನಿಯ ಏರಿಳಿತ ಹದ ಮಾಡುವುದು), ನಾಲ್ಕು ಮಂದಿಗೆ ಆಗುವ ಹೆಡ್‌ಫೋನ್ ಆಂಪ್. ಭಜನಾ ಪದ, ತತ್ವಪದ, ವಚನ, ಆಮೇಲೆ ಖಯಾಲ್ ಕೂಡ ರೆಕಾರ್ಡ್ ಮಾಡುವ ಆಸೆ. ಯಾವ ವೈರು ಎಲ್ಲಿಗೆ ಹೋಗಬೇಕು, ಪ್ಯಾಚ್‌ಬೇ (ಎಲ್ಲ ಯಂತ್ರಗಳ ತೂತುಗಳನ್ನು ಒಂದೇ ಕಡೆ ತರುವ ಹಲಗೆ) ಕೊಳ್ಳಬೇಕಾ, ಎಲ್ಲಾ ಜೋಡಿಸಿದ ಮೇಲೆ ಗುಂಯ್ ಅನ್ನುವುದು ಯಾಕೆ ಅಂತ ಕೇಳಿದ್ದೀರಿ.

ಧಾರವಾಡದ ಮಾಳಮಡ್ಡಿಯಲ್ಲಿ ಇಂಥದೇ ಚಿಕ್ಕ ಸ್ಟುಡಿಯೊ ನಾನೂ ನಡೆಸುತ್ತೇನೆ. ನಿಮ್ಮ ಹತ್ತಿರ ಇರುವ ಸಾಮಾನು ನಿಮ್ಮ ಕೆಲಸಕ್ಕೆ ಧಾರಾಳ ಸಾಕು. ಹೊಸದೇನೂ ಕೊಳ್ಳುವ ಮೊದಲು ಇದನ್ನು ಓದಿ.

ಬಹಳ ಮಂದಿ ಮೈಕ್‌ನಿಂದ ಹಿಡಿದು ಮುಂದಕ್ಕೆ ಯೋಚಿಸುತ್ತಾರೆ: ಮೈಕ್, ಪ್ರೀಆಂಪ್, ಇಂಟರ್‌ಫೇಸ್, ಕಂಪ್ಯೂಟರ್. ಈ ಹೋಗುವ ದಾರಿ ಹೇಗೋ ಆಗಿಬಿಡುತ್ತದೆ. ಕೆಡುವುದು ತಿರುಗಿ ಬರುವ ದಾರಿ, ಅಂದರೆ ಕಂಪ್ಯೂಟರ್ ಕೋಣೆಯಿಂದ ಹಾಡುವವರ ಕಿವಿಗೆ ಬರುವ ದಾರಿ. ಅವರಿಗೆ ತಂಬೂರಿ ನೆಟ್ಟಗೆ ಕೇಳದಿದ್ದರೆ, ತಮ್ಮ ದನಿ ತಮಗೇ ಪರಕೀಯವಾಗಿ ಕೇಳಿದರೆ, ಎಂಥ ಮೈಕ್ ಇಟ್ಟರೂ ಹಾಡು ಕೂಡುವುದಿಲ್ಲ. ಹಾಗಾಗಿ ಮೊದಲು ಆ ದಾರಿ ಹಾಕಿ, ಉಳಿದದ್ದನ್ನು ಅದರ ಸುತ್ತ ಜೋಡಿಸಿ.

ಇದನ್ನು ನನಗೆ ಕಲಿಸಿದವರು ಕುಂದಗೋಳ ಕಡೆಯಿಂದ ಬಂದ ಒಬ್ಬ ಹಿರಿಯರು. ಎಪ್ಪತ್ತು ದಾಟಿದವರು, ಗುಡಿಯ ಕಟ್ಟೆಯ ಮೇಲೆ ಏಕತಾರಿ ಹಿಡಿದು ಬೆಳತನಕ ತತ್ವಪದ ಹಾಡುವವರು. ನಾನು ಹೆಡ್‌ಫೋನ್ ಹಾಕಿ ಕೂರಿಸಿದೆ. ಎರಡು ನುಡಿ ಹಾಡಿ ನಿಲ್ಲಿಸಿಬಿಟ್ಟರು. ಮತ್ತೆ ಶುರು ಮಾಡಿದರು, ಮತ್ತೆ ನಿಂತರು. ಕೊನೆಗೆ ಹೆಡ್‌ಫೋನ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, "ತಮ್ಮಾ, ನನ್ನ ದನಿ ನನ್ನ ಹಿಂದಿಂದ ಓಡಿ ಬರಾಕತ್ತೈತಿ. ಅದು ಬರೂ ತನಕ ನಾ ನಿಂದ್ರಲ್ಯಾ, ಮುಂದ ಹೋಗಲ್ಯಾ?" ಅಂದರು.

ತಪ್ಪು ನನ್ನದು. ಹಿಂದಿನ ರಾತ್ರಿ ಬೇರೆ ಹಾಡಿನ ಮಿಕ್ಸಿಂಗ್ ಮಾಡುವಾಗ ಬಫರ್ ಅನ್ನು, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕುಗಳ (ಸ್ಯಾಂಪಲ್) ಲೆಕ್ಕವನ್ನು, 1024 ಸ್ಯಾಂಪಲ್‌ಗೆ ಇಟ್ಟಿದ್ದೆ, ಬೆಳಿಗ್ಗೆ ಹಾಗೇ ಬಿಟ್ಟಿದ್ದೆ. ಸೆಕೆಂಡಿಗೆ 48,000 ಸ್ಯಾಂಪಲ್ ಲೆಕ್ಕದಲ್ಲಿ 1024 ಅಂದರೆ 21 ಮಿಲಿಸೆಕೆಂಡು. ಅವರ ದನಿ ಕಂಪ್ಯೂಟರ್ ಒಳಗೆ ಹೋಗಿ ಹೊರಗೆ ಬರಬೇಕಾದರೆ ಅದರ ಎರಡರಷ್ಟು, ಮೇಲೆ ಇಂಟರ್‌ಫೇಸ್ ತಾನು ತೆಗೆದುಕೊಳ್ಳುವ ಹೊತ್ತು ಬೇರೆ. ಸುಮಾರು 45 ಮಿಲಿಸೆಕೆಂಡು ಅನ್ನಿ. ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್ ದಾಟುತ್ತದೆ. ಅಂದರೆ ಹದಿನೈದು ಮೀಟರ್ ಆಚೆ ನಿಂತು ಇನ್ಯಾರೋ ಅವರದೇ ದನಿಯಲ್ಲಿ ಹಾಡಿದ ಹಾಗೆ ಅವರಿಗೆ ಕೇಳುತ್ತಿತ್ತು. ಅದರ ಜೊತೆ ತಾಳ ಹಿಡಿದು ಹಾಡು ಅಂದರೆ ಯಾರಿಗೆ ಆಗುತ್ತದೆ!

ಬಫರ್ ಅನ್ನು 128ಕ್ಕೆ ಇಳಿಸಿದರೆ ಹೋಗುವುದಕ್ಕೆ 2.7, ಬರುವುದಕ್ಕೆ 2.7 ಮಿಲಿಸೆಕೆಂಡು ಆಗುತ್ತದೆ. ಅದೂ ಪೂರ್ತಿ ಸರಿ ಅಲ್ಲ. ಹಾಡುವವರಿಗೆ ತಮ್ಮ ದನಿ ತಲೆಬುರುಡೆಯ ಒಳಗಿಂದಲೂ ಕೇಳುತ್ತಿರುತ್ತದೆ, ಸ್ವಲ್ಪ ತಡವಾಗಿ ಬಂದ ಅದೇ ದನಿ ಅದರ ಜೊತೆ ಸೇರಿದಾಗ ಕೊಳವೆಯಲ್ಲಿ ಹಾಡಿದಂತೆ ಟೊಳ್ಳಾಗುತ್ತದೆ. ಸರಿಯಾದ ದಾರಿ ಡೈರೆಕ್ಟ್ ಮಾನಿಟರಿಂಗ್. ನಿಮ್ಮ ಇಂಟರ್‌ಫೇಸ್ ಜೊತೆ ಒಂದು ಮಿಕ್ಸರ್ ಸಾಫ್ಟ್‌ವೇರ್ ಬಂದಿರುತ್ತದೆ. ಅದರಲ್ಲಿ ಮೈಕ್‌ನ ಸದ್ದನ್ನು ಕಂಪ್ಯೂಟರಿಗೆ ಕಳಿಸದೆ ಇಂಟರ್‌ಫೇಸ್ ಒಳಗೇ ತಿರುಗಿಸಿ ಹೆಡ್‌ಫೋನ್ ಔಟ್‌ಪುಟ್‌ಗೆ ಕೊಡಬಹುದು. ತಡ ಅನ್ನುವುದು ಕಿವಿಗೆ ಹತ್ತುವುದೇ ಇಲ್ಲ. ಆದರೆ ಇದನ್ನು ಮಾಡಿದಾಗ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಆ ಟ್ರ್ಯಾಕ್‌ನ ಮಾನಿಟರ್ ಗುಂಡಿ ಆರಿಸಲೇಬೇಕು. ಎರಡೂ ಚಾಲೂ ಇದ್ದರೆ ಒಂದೇ ದನಿ ಎರಡು ದಾರಿಯಿಂದ ಬರುತ್ತದೆ, ಆಗ ಕೇಳುವ ಆ ಟೊಳ್ಳು ಸದ್ದನ್ನು ಮೈಕ್‌ನ ದೋಷ ಅಂತ ತಿಳಿದು ಮೈಕ್ ಬದಲಿಸಿದವರನ್ನು ಕಂಡಿದ್ದೇನೆ.

"ಬರೇ ಒಣಾ ಕೇಳತೈತಿ, ಸ್ವಲ್ಪ ಗುಡಿಯಾಗ ಹಾಡಿದಂಗ ಮಾಡ್ರಿ" ಅಂತ ಹಾಡುವವರು ಕೇಳಿಯೇ ಕೇಳುತ್ತಾರೆ. ಅವರಿಗೆ ರಿವರ್ಬ್, ಅಂದರೆ ಕೃತಕ ಪ್ರತಿಧ್ವನಿ, ಕೊಡಿ. ಮೈಕ್ ಟ್ರ್ಯಾಕ್‌ನಿಂದ ಒಂದು ಪ್ರೀ-ಫೇಡರ್ ಸೆಂಡ್ (ಸದ್ದು ಏರಿಸಿ ಇಳಿಸುವ ಫೇಡರ್‌ಗೆ ಮೊದಲೇ ತೆಗೆದ ನಕಲು) ತೆಗೆದು ರಿವರ್ಬ್ ಬಸ್‌ಗೆ (ರಿವರ್ಬ್ ಇರುವ ಬೇರೆ ದಾರಿಗೆ) ಕಳಿಸಿ, ರಿವರ್ಬ್ ಅನ್ನು 100% ವೆಟ್ (ಮೂಲ ದನಿ ಇಲ್ಲದೆ ಬರೀ ಪ್ರತಿಧ್ವನಿ) ಇಡಿ, ಆ ಬಸ್‌ನ ಔಟ್‌ಪುಟ್ ಹೆಡ್‌ಫೋನ್‌ಗೆ ಮಾತ್ರ ಹೋಗಲಿ. ಇದಕ್ಕಾಗಿ ಟ್ರ್ಯಾಕ್‌ನ ಮಾನಿಟರ್ ಚಾಲೂ ಇರಬೇಕಾಗುತ್ತದೆ, ಹಾಗಾಗಿ ಆ ಟ್ರ್ಯಾಕ್‌ನ ಸ್ವಂತ ಔಟ್‌ಪುಟ್ ಹೆಡ್‌ಫೋನ್‌ಗೆ ಹೋಗದಂತೆ ಕಡಿದುಬಿಡಿ. ಮೂಲ ದನಿ ಡೈರೆಕ್ಟ್ ದಾರಿಯಿಂದ ತಡವಿಲ್ಲದೆ ಬರುತ್ತದೆ, ರಿವರ್ಬ್ ಮಾತ್ರ ಕಂಪ್ಯೂಟರ್ ಸುತ್ತಿ ಬರುತ್ತದೆ. ಪ್ರತಿಧ್ವನಿ ಕೆಲವು ಮಿಲಿಸೆಕೆಂಡು ತಡವಾಗಿ ಬಂದರೆ ಯಾರಿಗೂ ತಪ್ಪು ಅನಿಸುವುದಿಲ್ಲ, ನಿಜವಾದ ಗುಡಿಯಲ್ಲೂ ಅದು ಹಾಗೇ ಬರುವುದು.

ಪ್ರೀ-ಫೇಡರ್ ಯಾಕೆ ಅಂದರೆ, ನೀವು ನಿಮ್ಮ ಸ್ಪೀಕರಿಗಾಗಿ ಫೇಡರ್ ಏರಿಸಿ ಇಳಿಸಿದಾಗ ಅವರ ಕಿವಿಯಲ್ಲಿ ಏನೂ ಬದಲಾಗಬಾರದು. ವಿಲಂಬಿತದಲ್ಲಿ ಮನಸ್ಸು ನೆಟ್ಟು ಕೂತವರ ಕಿವಿಯಲ್ಲಿ ತಂಬೂರಿ ಒಮ್ಮೆಲೇ ಸಣ್ಣದಾದರೆ ಧ್ಯಾನ ಕೆಟ್ಟಂತೆಯೇ.

ಹೆಡ್‌ಫೋನ್ ದಾರಿ ಎರಡು ಬೇರೆ ಬೇರೆ ಇಡಿ. ಇಂಟರ್‌ಫೇಸ್‌ನ ಔಟ್‌ಪುಟ್ 1-2 ನಿಮ್ಮ ಸ್ಪೀಕರಿಗೆ, 3-4 ಮುಖ್ಯ ಹಾಡುಗಾರರಿಗೆ, 5-6 ಸಾಥ್ ಕೊಡುವವರಿಗೆ. ತಬಲಾದವರಿಗೆ ಹಾಡು ಜೋರು ಬೇಕು, ಹಾಡುವವರಿಗೆ ತಂಬೂರಿ ಜೋರು ಬೇಕು, ಪೇಟಿಯವರಿಗೆ ತಬಲಾ ಸಣ್ಣಗಿದ್ದರೂ ನಡೆಯುತ್ತದೆ. ಒಂದೇ ಮಿಶ್ರಣದಲ್ಲಿ ಮೂವರನ್ನೂ ಒಪ್ಪಿಸಲು ಹೋದರೆ ಮೂವರೂ ಮುಖ ಸಿಂಡರಿಸುತ್ತಾರೆ. ಖಯಾಲ್ ಹಾಡುವವರು ಹೆಡ್‌ಫೋನೇ ಬೇಡ ಅಂದರೆ ಒತ್ತಾಯ ಮಾಡಬೇಡಿ. ಒಂದೇ ಕೋಣೆಯಲ್ಲಿ ಒಬ್ಬರಿಗೊಬ್ಬರು ಎದುರು ಕೂತು, ಬೆನ್ನ ಹಿಂದೆ ತಂಬೂರಿ ಮೀಟಿಸಿಕೊಂಡು ಹಾಡುವುದು ನಮ್ಮ ಕಡೆಯ ಹಾಡುಗಾರಿಕೆಯ ರೂಢಿ. ಆ ರೂಢಿಯವರನ್ನು ಹಾಗೇ ಕೂರಿಸಿ, ಮೈಕ್‌ಗಳನ್ನು ಹತ್ತಿರ ಇಡಿ, ಅಕ್ಕಪಕ್ಕದ ಸದ್ದು ಒಂದಿಷ್ಟು ಸೇರಿದರೆ ಸೇರಲಿ.

ಟಾಕ್‌ಬ್ಯಾಕ್ (ನಿಮ್ಮ ಕೋಣೆಯಿಂದ ಹಾಡುವವರ ಕಿವಿಗೆ ಮಾತಾಡುವ ದಾರಿ) ಬಗ್ಗೆ ನೀವು ಕೇಳಿಲ್ಲ, ಆದರೆ ಗದಗದಲ್ಲಿ ಅದು ಬೇಕೇ ಬೇಕು. ವೀರೇಶ್ವರ ಪುಣ್ಯಾಶ್ರಮ ನಿಮ್ಮ ಊರಲ್ಲೇ ಇದೆ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದವರಿಗೆ ಸಂಗೀತ ಕಲಿಸಿದ ಜಾಗ ಅದು. ಅಲ್ಲಿ ಕಲಿತವರು ನಿಮ್ಮ ಸ್ಟುಡಿಯೊಗೆ ಬಂದೇ ಬರುತ್ತಾರೆ. ಗಾಜಿನ ಆಚೆಯಿಂದ ಕೈ ಎತ್ತಿ "ಶುರು ಮಾಡ್ರಿ" ಅಂತ ಸನ್ನೆ ಮಾಡಿದರೆ ಅವರಿಗೆ ಹೇಗೆ ಗೊತ್ತಾಗಬೇಕು? ನಿಮ್ಮ ಮೇಜಿನ ಮೇಲೆ ಒಂದು ಸಾದಾ ಮೈಕ್ ಇಟ್ಟು, ಅದನ್ನು ಒಂದು ಇನ್‌ಪುಟ್‌ಗೆ ಹಾಕಿ, ಡೈರೆಕ್ಟ್ ಮಿಕ್ಸರ್‌ನಲ್ಲಿ 3-4 ಮತ್ತು 5-6ಕ್ಕೆ ಮಾತ್ರ ಕಳಿಸಿ. ಸ್ವಿಚ್ ಇರುವ ಮೈಕ್ ಆದರೆ ಒಳ್ಳೆಯದು. ರೆಕಾರ್ಡ್ ಆಗುವ ಯಾವ ಟ್ರ್ಯಾಕಿಗೂ ಅದು ಸೇರಬಾರದು. ಟೇಕ್ ಮುಗಿದ ಕೂಡಲೇ ಮಾತಾಡಿ, "ಛಲೋ ಬಂತ್ರಿ, ಒಂದು ನಿಮಿಷ ಕೇಳತೀನಿ" ಅಷ್ಟಾದರೂ ಅನ್ನಿ. ಆ ಕಡೆ ಹೆಡ್‌ಫೋನ್ ಹಾಕಿಕೊಂಡು ಸುಮ್ಮನೆ ಕೂತವರಿಗೆ ಈ ಕಡೆಯ ಮೌನ ಬಹಳ ಉದ್ದ ಅನಿಸುತ್ತದೆ.

ಇನ್ನು ಹೋಗುವ ದಾರಿ, ಅಂದರೆ ಯಾವ ಇನ್‌ಪುಟ್‌ಗೆ ಯಾರು ಅನ್ನುವುದು. 1 ಹಾಡುಗಾರರು, 2 ಪೇಟಿ, 3 ತಬಲಾ, 4 ಡಗ್ಗಾ, 5 ತಾಳ, 6 ತಂಬೂರಿ, 7 ಕಂಪ್ರೆಸರ್ ವಾಪಸು ಬರುವುದಕ್ಕೆ, 8 ಟಾಕ್‌ಬ್ಯಾಕ್. ಭಜನಾ ಮೇಳ ಬಂದಾಗ ಹಿಂದೆ ದನಿಗೂಡಿಸುವವರನ್ನೆಲ್ಲ ಎರಡನೇ ಪ್ರೀಆಂಪ್‌ಗೆ, ಅಂದರೆ 9ರಿಂದ 16ಕ್ಕೆ ಹಾಕಿ. ಈ ನಂಬರು ಒಮ್ಮೆ ಹಾಕಿದ ಮೇಲೆ ಬದಲಿಸಬೇಡಿ. ವರ್ಷ ಕಳೆದು ಹಳೆಯ ಫೈಲ್ ತೆರೆದಾಗಲೂ 4 ಅಂದರೆ ಡಗ್ಗಾ ಅಂತಲೇ ಇರಬೇಕು. ಪ್ರತಿ ಕೇಬಲ್‌ನ ಎರಡೂ ತುದಿಗೆ ಬಿಳಿ ಟೇಪ್ ಸುತ್ತಿ ನಂಬರ್ ಬರೆಯಿರಿ.

ಆಪ್ಟಿಕಲ್ ಕೇಬಲ್ ಸೇರಿಸಿದ ದಿನ ಕ್ಲಾಕ್, ಅಂದರೆ ಸ್ಯಾಂಪಲ್ ಎಣಿಸುವ ಯಂತ್ರದೊಳಗಿನ ಗಡಿಯಾರ, ನೋಡಿ. ಎರಡು ಯಂತ್ರಗಳಲ್ಲಿ ಒಂದು ಮಾತ್ರ ಯಜಮಾನ, ಇನ್ನೊಂದು ಅದನ್ನು ಅನುಸರಿಸಬೇಕು. ಪ್ರೀಆಂಪ್ ಒಳಗಿನ ಕ್ಲಾಕ್ ಇಂಟರ್ನಲ್ ಇದ್ದರೆ, ಇಂಟರ್‌ಫೇಸ್‌ನಲ್ಲಿ ಕ್ಲಾಕ್ ಅನ್ನು ಆಪ್ಟಿಕಲ್‌ಗೆ ಇಡಿ. ಎರಡನ್ನೂ ಇಂಟರ್ನಲ್ ಬಿಟ್ಟು ನಾನು ಒಂದು ಮೇಳದ ಪೂರ್ತಿ ಮಧ್ಯಾಹ್ನದ ಭಜನೆ ರೆಕಾರ್ಡ್ ಮಾಡಿದ್ದೆ. ಕೆಲವು ಸೆಕೆಂಡಿಗೊಮ್ಮೆ ಸಣ್ಣಗೆ ಟಿಕ್, ಟಿಕ್. ತಾಳದ ಸದ್ದಿನ ನಡುವೆ ಆ ಹೊತ್ತಿಗೆ ಗೊತ್ತೇ ಆಗಲಿಲ್ಲ. ಅವರು ಗಾಡಿ ಹತ್ತಿ ಊರಿಗೆ ಹೋದ ಮೇಲೆ ಕೇಳಿಸಿತು, ಇನ್ನೊಮ್ಮೆ ಕರೆಸಬೇಕಾಯಿತು. ಇನ್ನೊಂದು ಮಾತು: ಈ ಆಪ್ಟಿಕಲ್ ದಾರಿಯಲ್ಲಿ 48 ಕಿಲೋಹರ್ಟ್ಸ್‌ಗೆ 8 ಚಾನೆಲ್, 96ಕ್ಕೆ ಏರಿಸಿದರೆ 4 ಮಾತ್ರ. 48ರಲ್ಲೇ ಇರಿ.

ಮುಂದೆ ಯಾವತ್ತಾದರೂ ಹೊರಗಿನ ಪ್ರೀಆಂಪ್ ಅನ್ನು ತಾಮ್ರದ ಕೇಬಲ್‌ನಲ್ಲೇ ಇಂಟರ್‌ಫೇಸಿಗೆ ಸೇರಿಸುವುದಾದರೆ, ಮುಂದೆ ಇರುವ ಕಾಂಬೊ ಜ್ಯಾಕಿಗೆ (ಎರಡು ಬಗೆಯ ಪ್ಲಗ್ ಹಿಡಿಸುವ ತೂತಿಗೆ) ಎಕ್ಸ್‌ಎಲ್‌ಆರ್ (ಮೂರು ಪಿನ್‌ನ ಮೈಕ್ ಪ್ಲಗ್) ಹಾಕಬೇಡಿ. ಅದೇ ತೂತಿನಲ್ಲಿ ಎಕ್ಸ್‌ಎಲ್‌ಆರ್ ಹಾಕಿದರೆ ಸಿಗ್ನಲ್ ಮೈಕ್ ಪ್ರೀಆಂಪ್ ಮೂಲಕ ಹೋಗುತ್ತದೆ, ಟಿಆರ್‌ಎಸ್ (ಟಿಪ್, ರಿಂಗ್, ಸ್ಲೀವ್ ಅಂತ ಮೂರು ಭಾಗದ ಜ್ಯಾಕ್ ಪ್ಲಗ್) ಹಾಕಿದರೆ ಲೈನ್ ದಾರಿಯಲ್ಲಿ, ಅಂದರೆ ಆಗಲೇ ಬೆಳೆಸಿದ ಸಿಗ್ನಲ್‌ನ ದಾರಿಯಲ್ಲಿ, ಹೋಗುತ್ತದೆ. ಒಮ್ಮೆ ಬೆಳೆಸಿದ ಸಿಗ್ನಲ್ ಅನ್ನು ಎರಡನೇ ಸಲ ಬೆಳೆಸಿದರೆ ಗೇನ್ (ಬೆಳೆಸುವ ಪ್ರಮಾಣ) ಪೂರ್ತಿ ಇಳಿಸಿದರೂ ದನಿ ಒಡೆಯಬಹುದು.

ತಂಬೂರಿ ಬಗ್ಗೆ ಬೇರೆಯೇ ಹೇಳಬೇಕು, ಯಾಕೆಂದರೆ ಈಗ ಅರ್ಧಕ್ಕರ್ಧ ಮಂದಿ ಮೊಬೈಲ್‌ನಲ್ಲೇ ತಂಬೂರಿ ಹಚ್ಚಿಕೊಂಡು ಬರುತ್ತಾರೆ. ಮೊಬೈಲ್‌ನ ಹೆಡ್‌ಫೋನ್ ತೂತಿನಿಂದ ಒಂದು ಕೇಬಲ್ ಎಳೆದು ಇಂಟರ್‌ಫೇಸ್‌ನ ಬ್ಯಾಲೆನ್ಸ್ಡ್ ಇನ್‌ಪುಟ್‌ಗೆ ಚುಚ್ಚಿದರೆ ತಂಬೂರಿ ಮಾಯ! ಅಥವಾ ತಗಡಿನ ಡಬ್ಬಿಯೊಳಗಿಂದ ಬಂದಂತೆ ಕ್ಷೀಣ. ಮೊದಲ ಸಲ ನಾನು ಕೇಬಲ್ ಕೆಟ್ಟಿದೆ ಅಂತ ಮೂರು ಕೇಬಲ್ ಬದಲಿಸಿದೆ. ಕಾರಣ ನೇರವಾಗಿದೆ. ಮೊಬೈಲ್ ಜ್ಯಾಕ್‌ನ ಟಿಪ್‌ನಲ್ಲಿ ಎಡಗಡೆಯದು, ರಿಂಗ್‌ನಲ್ಲಿ ಬಲಗಡೆಯದು ಇರುತ್ತದೆ. ಬ್ಯಾಲೆನ್ಸ್ಡ್ ಇನ್‌ಪುಟ್ ಮಾಡುವ ಕೆಲಸವೇ ಟಿಪ್‌ನಿಂದ ರಿಂಗ್ ಅನ್ನು ಕಳೆಯುವುದು. ಎರಡೂ ಕಡೆ ಒಂದೇ ತಂಬೂರಿ ಇದ್ದರೆ ಕಳೆದ ಮೇಲೆ ಉಳಿಯುವುದು ಸೊನ್ನೆ. ಆ ಕಳೆಯುವ ಗುಣದಿಂದಲೇ ಮೈಕ್ ಕೇಬಲ್‌ನ ಎರಡು ತಂತಿಗಳ ಮೇಲೆ ಸಮನಾಗಿ ಬಿದ್ದ ಕರೆಂಟಿನ ಗದ್ದಲವೂ ಅಳಿಯುತ್ತದೆ, ಇಲ್ಲಿ ಮಾತ್ರ ಅದು ತಂಬೂರಿಯನ್ನೇ ನುಂಗುತ್ತದೆ. ಎಡ-ಬಲ ಎರಡಾಗಿ ಒಡೆಯುವ ಕೇಬಲ್ ತಂದು, ಎಡಗಡೆಯದೊಂದನ್ನೇ ಡಿಐ ಬಾಕ್ಸ್‌ಗೆ (ಇಂಥ ಸಿಗ್ನಲ್ ಅನ್ನು ಮೈಕ್ ಕೇಬಲ್‌ಗೆ ಒಗ್ಗಿಸುವ ಚಿಕ್ಕ ಪೆಟ್ಟಿಗೆಗೆ) ಕೊಟ್ಟು, ಅಲ್ಲಿಂದ ಎಕ್ಸ್‌ಎಲ್‌ಆರ್‌ನಲ್ಲಿ 6ನೇ ಇನ್‌ಪುಟ್‌ಗೆ ತನ್ನಿ. ಮೊಬೈಲ್ ಅನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಚಾರ್ಜರ್ ಕಿತ್ತಿಡಿ.

ಗೇನ್ ಇಡುವಾಗ ಹಾಡುವವರಿಗೆ "ಒಂದಿಷ್ಟು ಹಾಡ್ರಿ" ಅಂತ ಹೇಳಿ ಮೀಟರ್ ನೋಡಿದರೆ ಸಾಲದು. ಆಗ ಅವರು ಮಂದ್ರದಲ್ಲಿ ಮೆಲ್ಲಗೆ ಆಲಾಪ ಎಳೆಯುತ್ತಾರೆ. ಅರ್ಧ ತಾಸಿನ ನಂತರ ತಾರ ಷಡ್ಜದ ತಾನ್ ಬಂದಾಗ ಮೀಟರ್ ಕೆಂಪಾಗುತ್ತದೆ. ಮೊದಲೇ ತಾರ ಷಡ್ಜ ಕೇಳಿ, ಅದು -12 ಡಿಬಿ ಹತ್ತಿರ ನಿಲ್ಲುವಂತೆ ಗೇನ್ ಇಡಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಮಂದ್ರದ ಭಾಗ ಮೀಟರ್‌ನಲ್ಲಿ ಸಣ್ಣಗೆ ಕಂಡರೂ ಏನೂ ನಷ್ಟವಿಲ್ಲ.

ಪ್ಯಾಚ್‌ಬೇ ಈಗ ಬೇಡ. ನಿಮ್ಮಲ್ಲಿ ಹೊರಗಿನ ಯಂತ್ರ ಅಂತ ಇರುವುದು ಒಂದೇ ಕಂಪ್ರೆಸರ್. ಔಟ್‌ಪುಟ್ 7ರಿಂದ ಕಂಪ್ರೆಸರ್‌ಗೆ, ಕಂಪ್ರೆಸರ್‌ನಿಂದ ಇನ್‌ಪುಟ್ 7ಕ್ಕೆ ಎರಡು ಟಿಆರ್‌ಎಸ್ ಕೇಬಲ್ ಕಾಯಂ ಹಾಕಿಬಿಡಿ, ಮಿಕ್ಸಿಂಗ್ ಮಾಡುವಾಗ ಬೇಕಾದ ಟ್ರ್ಯಾಕ್ ಅನ್ನು ಅದರ ಮೂಲಕ ಹಾಯಿಸಿ. ಇನ್‌ಪುಟ್ 7ರ ಟ್ರ್ಯಾಕ್ ಅನ್ನು ಮರೆತು ಔಟ್‌ಪುಟ್ 7ಕ್ಕೇ ಕಳಿಸಿದರೆ ಸುತ್ತು ಬಿದ್ದು ಕಿವಿ ಹರಿಯುವಂತೆ ಕಿರುಚುತ್ತದೆ, ಆ ಒಂದು ಎಚ್ಚರ ಇರಲಿ. ಹೊರಗಿನ ಯಂತ್ರ ನಾಲ್ಕೈದು ಆದಾಗ ಪ್ಯಾಚ್‌ಬೇ ತನ್ನಿ, ಹಾಫ್-ನಾರ್ಮಲ್ ಇಡಿ: ಮೇಲಿನ ಸಾಲಿಗೆ ಔಟ್‌ಪುಟ್‌ಗಳು, ಕೆಳಗಿನ ಸಾಲಿಗೆ ಇನ್‌ಪುಟ್‌ಗಳು. ಏನೂ ಚುಚ್ಚದಿದ್ದರೆ ಮೇಲಿನದು ಕೆಳಗೆ ತಾನಾಗಿ ಹರಿಯುತ್ತದೆ, ಮೇಲೆ ಚುಚ್ಚಿದರೆ ಒಂದು ನಕಲು ಸಿಗುತ್ತದೆ, ಕೆಳಗೆ ಚುಚ್ಚಿದರೆ ಹಳೆಯ ದಾರಿ ಕಡಿಯುತ್ತದೆ. ಮೈಕ್‌ಗಳನ್ನು ಮಾತ್ರ ಆ ಜ್ಯಾಕ್ ಪ್ಯಾಚ್‌ಬೇ ಮೂಲಕ ಒಯ್ಯಬೇಡಿ. 48 ವೋಲ್ಟ್ ಫ್ಯಾಂಟಮ್ (ಮೈಕ್ ಕೇಬಲ್‌ನಲ್ಲೇ ಮೈಕ್‌ಗೆ ಹೋಗುವ ಕರೆಂಟ್) ಚಾಲೂ ಇದ್ದಾಗ ಪ್ಲಗ್ ಒಳಗೆ ಜಾರುವ ಆ ಕ್ಷಣದಲ್ಲಿ ಟಿಪ್, ರಿಂಗ್ ಅದಲುಬದಲಾಗಿ ತಾಗಿ ರಿಬ್ಬನ್ ಮೈಕ್ ಸುಟ್ಟುಹೋಗಬಹುದು.

ಗುಂಯ್ ಸಪ್ಪಳಕ್ಕೆ ಬರೋಣ. ನಮ್ಮ ಕರೆಂಟ್ 50 ಹರ್ಟ್ಸ್, ಆ ಗುಂಯ್ ಅದರದೇ ದನಿ. ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ನೋಡಿ. ನಿಂತರೆ ಅರ್ಥ್ ಲೂಪ್ ಅಂತ ತಿಳಿಯಿರಿ: ಎರಡು ಯಂತ್ರಗಳು ಗೋಡೆಯ ಅರ್ಥ್ ಮೂಲಕವೂ ಸೇರಿವೆ, ಆಡಿಯೊ ಕೇಬಲ್‌ನ ಜಾಲರಿ ಮೂಲಕವೂ ಸೇರಿವೆ, ಆ ಬಳೆಯಲ್ಲಿ ಸಣ್ಣ ಕರೆಂಟ್ ಹರಿಯುತ್ತಿದೆ. ಎರಡು ಕೋಣೆಗೂ ಒಂದೇ ಸಾಕೆಟ್‌ನಿಂದ ವೈರ್ ಎಳೆದು, ಆಡಿಯೊದ ಎಲ್ಲ ಸಾಮಾನನ್ನೂ ಅದೊಂದರ ಮೇಲೆಯೇ ಹಾಕಿ. ನನ್ನ ಗುಂಯ್ ಮುಕ್ಕಾಲು ಭಾಗ ಹೋದದ್ದು ಅದರಿಂದಲೇ. ಫ್ರಿಜ್, ನೀರಿನ ಮೋಟರ್ ಬೇರೆ ಲೈನ್‌ನಲ್ಲಿ ಇರಲಿ. ಕರೆಂಟ್ ವೈರ್ ಮತ್ತು ಮೈಕ್ ಕೇಬಲ್ ಜೊತೆಜೊತೆಗೆ ಓಡಬಾರದು, ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಲಿ.

ಪ್ಲಗ್‌ನ ಮೂರನೇ ಪಿನ್ ಕಡಿದರೆ ಗುಂಯ್ ಹೋಗುತ್ತದೆ ಅಂತ ಯಾರಾದರೂ ಹೇಳುತ್ತಾರೆ. ದಯವಿಟ್ಟು ಕಡಿಯಬೇಡಿ. ಹೋಗುತ್ತದೆ ನಿಜ, ಆದರೆ ಯಂತ್ರದೊಳಗೆ ಏನಾದರೂ ಕೆಟ್ಟ ದಿನ ಆ ಕರೆಂಟ್ ಮೈಕ್‌ನ ಕಬ್ಬಿಣಕ್ಕೆ ಬಂದು ಹಾಡುವವರ ತುಟಿಗೆ ತಾಗುತ್ತದೆ. ಅದರ ಬದಲು ಲೈನ್ ಕೇಬಲ್‌ಗಳಲ್ಲಿ, ಸಿಗ್ನಲ್ ಸೇರುವ ತುದಿಯಲ್ಲಿ ಮಾತ್ರ, ಜಾಲರಿಯ ಸೋಲ್ಡರ್ ಬಿಡಿಸಿ. ಬ್ಯಾಲೆನ್ಸ್ಡ್ ಕೇಬಲ್ ಆದರೆ ಸದ್ದು ಹಾಗೇ ಬರುತ್ತದೆ, ಬಳೆ ಮಾತ್ರ ಕಡಿಯುತ್ತದೆ. ಮೈಕ್ ಕೇಬಲ್‌ನಲ್ಲಿ ಇದನ್ನು ಮಾಡಬಾರದು, ಫ್ಯಾಂಟಮ್ ವಾಪಸು ಹೋಗುವುದು ಆ ಜಾಲರಿಯ ಮೇಲೆಯೇ. ಡಿಐ ಬಾಕ್ಸ್‌ನಲ್ಲಿ ಗ್ರೌಂಡ್ ಲಿಫ್ಟ್ ಸ್ವಿಚ್ ಇದ್ದರೆ ತಂಬೂರಿಗೆ ಅದನ್ನೂ ಒತ್ತಿ ನೋಡಿ.

ಅರ್ಥಿಂಗ್ ಗುಂಡಿಯನ್ನೂ ಒಮ್ಮೆ ನೋಡಿ ಬನ್ನಿ. ನಿಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಹಿಗ್ಗಿದ ಮಣ್ಣು ಬೇಸಿಗೆಯಲ್ಲಿ ಬಿರಿದು ಅರ್ಥ್ ಕೊಳವೆಯನ್ನೇ ಬಿಟ್ಟು ನಿಲ್ಲುತ್ತದೆ. ಶ್ರಾವಣದಲ್ಲಿ ಸುಮ್ಮನಿದ್ದ ಸ್ಟುಡಿಯೊ ಏಪ್ರಿಲ್‌ನಲ್ಲಿ ಗುಂಯ್ ಅನ್ನಲು ಶುರು ಮಾಡಿದರೆ ಮೊದಲ ಅನುಮಾನ ಅಲ್ಲಿಗೇ ಹೋಗಲಿ. ಗುಂಡಿಗೆ ನಾಲ್ಕು ಕೊಡ ನೀರು ಹಾಕಿ ಮರುದಿನ ಕೇಳಿ. ಆಮೇಲೂ ಹೋಗದಿದ್ದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಸಿ. ಒಂದೆರಡು ವೋಲ್ಟ್ ಇದ್ದರೆ ಸರಿ, ಹತ್ತು ಹದಿನೈದು ತೋರಿಸಿದರೆ ರೆಕಾರ್ಡಿಂಗ್ ನಿಲ್ಲಿಸಿ ಮೊದಲು ಅದನ್ನು ಸರಿ ಮಾಡಿಸಿ.

ಒಂದು ಡ್ರಾಯಿಂಗ್ ಹಾಳೆ ತಗೊಂಡು, ಬಲಗಡೆ ಹಾಡುವವರ ಕಿವಿ ಬರೆದು, ಅಲ್ಲಿಂದ ಹಿಂದಕ್ಕೆ ಪ್ರತಿ ಗೆರೆ ಎಳೆಯಿರಿ. ಅದರ ಫೋಟೊ ಇಲ್ಲಿ ಹಾಕಿದರೆ ಖಂಡಿತ ನೋಡಿ ಹೇಳುತ್ತೇನೆ. ಹೆಡ್‌ಫೋನ್ ಆಂಪ್‌ನ ಹಿಂದೆ ಎಷ್ಟು ಇನ್‌ಪುಟ್ ತೂತುಗಳಿವೆ ಅನ್ನುವುದನ್ನೂ ಬರೆಯಿರಿ. ಒಂದೇ ಜೋಡಿ ಇದ್ದರೆ ಅದನ್ನು ಸಾಥಿಯವರಿಗೆ ಬಿಟ್ಟು, ಮುಖ್ಯ ಹಾಡುಗಾರರ ಹೆಡ್‌ಫೋನ್ ಅನ್ನು ಇಂಟರ್‌ಫೇಸ್‌ನ ಸ್ವಂತ ಹೆಡ್‌ಫೋನ್ ಜ್ಯಾಕ್‌ನಿಂದಲೇ ಉದ್ದದ ಕೇಬಲ್‌ನಲ್ಲಿ ಆ ಕೋಣೆಗೆ ಒಯ್ಯಬೇಕಾಗುತ್ತದೆ.